ಕೊಸರಿಲ್ಲದ ತೂಕ

ಮಾರುಕಟ್ಟೆಯೊಳಗೆ ಯಾರನ್ನು ಕೇಳಿದರೂ ತಕ್ಕಡಿಯಮ್ಮನ ಅಂಗಡಿ ತೋರಿಸುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋಗಿ, ಈಗ ಅಕ್ಕ ಒಬ್ಬಳು ಉಳಿದಿದ್ದಳು. ಅವಳಿಗೂ "ಏನೇ" ಅಂದರೆ ಸಾಕಿತ್ತು. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ಟು, ಎಲೆಕೋಸು, ಇಷ್ಟೇ ವ್ಯಾಪಾರ. ಅಕ್ಕಪಕ್ಕದವರೆಲ್ಲ ಅಂಕಿ ಮಿನುಗುವ ಯಂತ್ರ ಇಟ್ಟುಕೊಂಡ ಮೇಲೂ ಅವಳು ಅಪ್ಪನ ಕಾಲದ ತಕ್ಕಡಿ ಬಿಡಲಿಲ್ಲ. ಎರಡು ತಟ್ಟೆ ಸಮ ನಿಂತ ಮೇಲೆ ಇನ್ನೊಂದು ಗೆಡ್ಡೆ ಆರಿಸಿ ಗಿರಾಕಿಯ ಚೀಲಕ್ಕೆ ಹಾಕುತ್ತಿದ್ದಳು. ಅದು ಕೊಸರು. ಕೊಡುವಾಗ ಒಂದು ಹಿಡಿ ಹೆಚ್ಚು, ಕೇಳುವಾಗ ಒಂದು ಹಿಡಿ ಕಡಿಮೆ ಎಂದು ಅಪ್ಪ ಹೆಣ್ಣುಮಕ್ಕಳಿಬ್ಬರಿಗೂ ಕಲಿಸಿದ್ದ. ಓದು ಬರಹ ಕಲಿಸಲಿಲ್ಲ, ಇದನ್ನು ಮಾತ್ರ ಕಲಿಸಿ ಹೋದ.

ಸಿಮೆಂಟು ನೆಲದ ಮೇಲೆ ನಿಂತು ನಿಂತು ಮಂಡಿ ಎರಡೂ ಸವೆದವು. ಮೊದಲು ಬಲಗಾಲಿನ ಮಂಡಿ ಬದಲಾಯಿಸಿದರು. ಆಗ ದೊಡ್ಡಾಸ್ಪತ್ರೆಯವರು ಎರಡು ದಾರಿ ಹೇಳಿದ್ದರು. ಪೂರ್ತಿ ಮಲಗಿಸುವುದು ಒಂದು. ಬೆನ್ನಿಗೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುವುದು ಇನ್ನೊಂದು.

"ಮಲ್ಕೊಂಡ್ಬಿಡೇ," ಅಂದಿದ್ದಳು ಅಕ್ಕ. ಅವಳು ಸೊಂಟದ ಕೀಲು ಹಾಕಿಸಿಕೊಂಡಾಗ ಪೂರ್ತಿ ಮಲಗಿದ್ದವಳು. "ಮಲಗಿದೆ, ಎದ್ದೆ, ನಡೆದೆ. ನಂಗೇನು ಗೊತ್ತಾಯ್ತು ಹೇಳು?"

"ನನ್ನ ಮೂಳೆ ಅಳೆದು ಕೊಯ್ಯುವಾಗ ನಾನು ಗೊರಕೆ ಹೊಡೀಲಾ? ತೂಕ ನೋಡ್ದೆ ಸಾಮಾನು ತಗೊಂಡ ಹಾಗಾಯ್ತು ಅದು," ಎಂದು ತಕ್ಕಡಿಯಮ್ಮ ಸೂಜಿಗೆ ಬೆನ್ನು ಕೊಟ್ಟಳು. ಒಳಗೆ ಪರದೆ ಕಟ್ಟಿದ್ದರಿಂದ ಕಂಡದ್ದು ಏನೂ ಇಲ್ಲ. ಕೇಳಿಸಿತು ಅಷ್ಟೇ, ಬಡಗಿ ಬಾಗಿಲು ಕೂರಿಸಿದ ಹಾಗೆ. ಆದರೂ ಎಚ್ಚರವಾಗಿದ್ದೆ ಎಂದು ಹೇಳಿಕೊಳ್ಳುವಾಗ ಅವಳ ಕತ್ತು ಒಂದು ಗೇಣು ಉದ್ದವಾಗುತ್ತಿತ್ತು.

ಕಾಲು ನೆಟ್ಟಗಾಯಿತು, ನೋವು ಮಾತ್ರ ಹೋಗಲಿಲ್ಲ. ಗಾಯ ಮಾಯ್ದು ಗೆರೆಯಾದ ಮೇಲೂ ಒಳಗೆ ಯಾರೋ ಬೆಂಕಿಕಡ್ಡಿ ಗೀರುತ್ತಿದ್ದರು. ಮತ್ತೆ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸಿದರೆ, ಕೀಲು ಚೆನ್ನಾಗಿ ಕೂತಿದೆ, ಸೋಂಕೂ ಇಲ್ಲ ಎಂದರು. ಅಕ್ಕನಿಗೆ ಅಷ್ಟು ಸಾಕಾಯಿತು. "ಸೂಜಿದೇ ಕೆಲಸ. ಎಚ್ಚರವಾಗಿದ್ಯಲ್ಲ, ನೋವು ನಿನ್ನ ಮುಖ ಗುರುತಿಟ್ಕೊಂಡಿದೆ. ಅದಕ್ಕೇ ಮನೆ ಬಿಟ್ಟು ಹೋಗ್ತಿಲ್ಲ," ಎಂದು ಬಂದಾಗಲೆಲ್ಲ ಗಾಯಕ್ಕೆ ಉಪ್ಪು ಸವರಿ ಹೋಗುತ್ತಿದ್ದಳು. ಅದನ್ನು ಮಾರುಕಟ್ಟೆಯೂ ನಂಬಿತು. ಸದ್ದಿಲ್ಲದೆ ತಕ್ಕಡಿಯಮ್ಮನೂ ಅರ್ಧ ನಂಬಿದಳು.

ಈಗ ಎಡಮಂಡಿಯ ಸರದಿ. ಇದೂ ಹಾಗೇ ಆದರೆ ಅಂಗಡಿಯಲ್ಲಿ ನಿಲ್ಲುವ ಮಾತೇ ಇಲ್ಲ, ತಕ್ಕಡಿಯನ್ನು ಮೊಳೆಗೆ ನೇತುಹಾಕಿ ಮನೆಯಲ್ಲಿ ಕೂರಬೇಕು. ಆ ಯೋಚನೆಯಲ್ಲೇ ಸೊಸೆಯ ತೋಳು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಅಕ್ಕ ಹಿಂದೆಯೇ ಬಂದಳು, ತಂಗಿ ಈ ಸಲವಾದರೂ ಬುದ್ಧಿ ಕಲಿಯುವುದನ್ನು ಕಣ್ಣಾರೆ ನೋಡಲು.

ಅರಿವಳಿಕೆ ಕೊಡುವ ಡಾಕ್ಟರಮ್ಮನ ಕೋಣೆ ಚಿಕ್ಕದು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನೆಲುಬು, ಪಕ್ಕದಲ್ಲಿ ಆರಿದ ಚಹಾ.

"ಈ ಸಲ ಪೂರ್ತಿ ಮಲಗಿಸಿ ಡಾಕ್ಟ್ರೇ," ಅಂದಳು ಅಕ್ಕ.

"ಮಂಡಿ ಅವರದ್ದು. ಅವರು ಹೇಳ್ಲಿ," ಅಂದರು ಡಾಕ್ಟರಮ್ಮ.

ತಕ್ಕಡಿಯಮ್ಮ ಮೇಜಿನ ಮೇಲಿನ ಬೆನ್ನೆಲುಬಿನ ಮೇಲೆ ಬೆರಳಾಡಿಸಿದಳು. "ಒಂದು ಮಾತು ಕೇಳ್ತೀನಮ್ಮ. ನಾನು ಎಚ್ಚರವಾಗಿದ್ದಕ್ಕೇ ನೋವು ಉಳೀತಾ?"

"ಹಾಗೆ ಹೇಳೋಕೆ ಬರಲ್ಲಮ್ಮ. ಮಲಗಿದವರಲ್ಲೂ ಕೆಲವರಿಗೆ ಉಳಿಯುತ್ತೆ, ಸೂಜಿ ಹಾಕಿಸ್ಕೊಂಡವರಲ್ಲೂ ಉಳಿಯುತ್ತೆ. ತಿಂಗಳುಗಟ್ಟಲೆ ಆದ ಮೇಲಿನ ನೋವಿನಲ್ಲಿ ಇದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ನಾವು ಕಂಡಿಲ್ಲ. ನಿಮ್ಮ ಎದೆ, ಉಸಿರು, ಬೆನ್ನು ಎಲ್ಲಾ ಎರಡಕ್ಕೂ ಒಪ್ಪುತ್ವೆ, ಆಯ್ಕೆ ನಿಮ್ಮದು. ಅದಿರ್ಲಿ, ಬಲಗಾಲು ಈಗ ಎಷ್ಟು ನೋಯ್ತಿದೆ? ಹತ್ತಕ್ಕೆ ಎಷ್ಟು ಅಂತ ಹೇಳಿ."

"ಮೂರು."

ಸೊಸೆ ತಟಕ್ಕನೆ ತಿರುಗಿದಳು. "ಮೂರಾ? ಈಗ ತಾನೇ ಮೆಟ್ಟಿಲ ಮೇಲೆ ಕಂಬಿ ಹಿಡ್ಕೊಂಡು ಕಣ್ಣು ಮುಚ್ಚಿ ನಿಂತಿರಲಿಲ್ವಾ ಅತ್ತೆ?"

"ನಿಂಗ್ಯಾಕೆ ಅದೆಲ್ಲ. ಕೊಸರು ಬಿಟ್ಟು ಹೇಳಿದೆ ಕಣೇ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಸೊಸೆಯೇ ಬಿಡಿಸಿ ಹೇಳಿದಳು: "ಇವರು ತಮಗಾಗಿ ಏನು ಕೇಳಿದ್ರೂ ಒಂದು ಹಿಡಿ ಕಮ್ಮಿನೇ ಡಾಕ್ಟ್ರೇ. ಹಸಿವಾಗಿದೆ ಅಂದ್ರೆ ಹೊಟ್ಟೆ ಬೆನ್ನಿಗೆ ಹತ್ತಿದೆ ಅಂತ ನಾವು ತಿಳ್ಕೋಬೇಕು."

"ಹೋದ ಸಲ ಕೊಯ್ದ ಮೇಲೆ, ಮರಗಟ್ಟಿದ್ದು ಬಿಟ್ಟಾಗ, ನರ್ಸು ಕೇಳಿರ್ತಾರಲ್ಲ. ಅವರಿಗೆ ಎಷ್ಟು ಹೇಳಿದ್ರಿ?" ಎಂದು ಡಾಕ್ಟರಮ್ಮ ತಕ್ಕಡಿಯಮ್ಮನನ್ನು ಕೇಳಿದರು.

"ಆ ಹುಡುಗಿ ಒಂದೇ ಸಮ ಓಡಾಡ್ತಿದ್ಲು ತಾಯಿ. ಪಾಪ, ಅವಳ ಕಾಲು ನೋಡಿ ನನ್ನ ಕಾಲು ಮರೆತೆ. ಮೂರು ಅಂದೆ."

"ನಿಜವಾಗಿ?"

ಸೊಸೆ ಹೇಳಿದಳು: "ದಿಂಬಿನ ಬಟ್ಟೆ ಹಲ್ಲಲ್ಲಿ ಹರಿದುಹೋಗಿತ್ತು. ನಾನೇ ಹೊಲಿದೆ."

ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದರು: "ಅಮ್ಮಾ, ನೋವು ಅಳೆಯೋಕೆ ನಮ್ಮ ಹತ್ರ ಬೇರೆ ತೂಕದ ಬಟ್ಟು ಇಲ್ಲ. ನಿಮ್ಮ ಮಾತನ್ನ ಒಂದು ತಟ್ಟೆಗೆ ಇಟ್ಟು, ಇನ್ನೊಂದು ತಟ್ಟೆಗೆ ಔಷಧಿ ಹಾಕ್ತೀವಿ. ಮೊದಲ ದಿನಗಳ ನೋವನ್ನ ಸರಿಯಾಗಿ ಹಿಡೀದೆ ಹೋದ್ರೆ ಕೆಲವರಲ್ಲಿ ಅದು ಅಲ್ಲೇ ತಳ ಊರುತ್ತೆ. ನಿಮ್ಮ ನೋವು ಅದರಿಂದಲೇ ಉಳೀತು ಅಂತ ನಾನು ಆಣೆ ಇಡಲ್ಲ. ಎಲ್ಲಾ ಸರಿ ಮಾಡಿದ್ರೂ ಕೆಲವು ಮಂಡಿ ನೋಯುತ್ವೆ. ಆದರೆ ನಮಗೆ ಬಂದ ತೂಕ ಕಮ್ಮಿ ಇತ್ತು."

ಕಮ್ಮಿ ತೂಕ. ಅವಳ ಎದುರು ನಿಂತು ಆ ಮಾತು ಆಡುವವರು ಇನ್ನೂ ಹುಟ್ಟಿರಲಿಲ್ಲ. ಕಿವಿಯ ತುದಿಯವರೆಗೆ ಬಿಸಿ ಏರಿತು. ಆಮೇಲೆ ಆ ಬಿಸಿ ಇಳಿದು ಎದೆಯಲ್ಲಿ ಎಷ್ಟೋ ಕಾಲದಿಂದ ಕೂತಿದ್ದ ಕಲ್ಲೊಂದು ಸರಿದಂತಾಯಿತು. ತಪ್ಪಿದ್ದು ಅವಳ ಮಾತು, ಅವಳ ಆಯ್ಕೆಯಲ್ಲ. ಮಾತನ್ನು ಸರಿಪಡಿಸಬಹುದು, ತಕ್ಕಡಿಯ ಮುಳ್ಳು ವಾಲಿದರೆ ಅವಳೇ ಎಷ್ಟು ಸಲ ಸರಿಪಡಿಸಿಲ್ಲ.

ಸೆರಗು ಕೊಡವಿ ನೆಟ್ಟಗೆ ಕೂತಳು. "ಹಾಗಾದ್ರೆ ಮೊದಲು ಆ ಮೂರನ್ನ ವಾಪಸ್ ಕೊಡಿ. ಬಲಗಾಲು ಆರು. ಮೆಟ್ಟಿಲ ಮೇಲೆ ಏಳು. ಎಡಗಾಲಿಗೆ ಬೆನ್ನಿನ ಸೂಜಿನೇ ಹಾಕಿ. ನಾನು ಎಚ್ಚರವಾಗೇ ಇರ್ತೀನಿ."

"ಅಯ್ಯೋ ಶಿವನೇ, ಇವಳು ಒಂದ್ಸಲ ಸುಟ್ಕೊಂಡ ಮೇಲೂ ಹಟ ಬಿಡಲ್ಲ," ಅಂದಳು ಅಕ್ಕ.

"ನೀನು ಮಲಗಿದ್ದೆ, ನಾನು ಬೇಡ ಅಂದ್ನಾ?"

ಡಾಕ್ಟರಮ್ಮ ನಕ್ಕು, ಬಲಗಾಲಿಗೂ ಬೇರೆ ಮಾತ್ರೆ, ವ್ಯಾಯಾಮ ಬರೆದುಕೊಟ್ಟರು.

ಮತ್ತೆ ಪರದೆ, ಮತ್ತೆ ಬಡಗಿಯ ಸದ್ದು. ಪರದೆಯಾಚೆಯಿಂದ ಶಸ್ತ್ರಚಿಕಿತ್ಸೆಯ ಡಾಕ್ಟರು, "ಅಜ್ಜಿ ನಿದ್ದೆನಾ?" ಅಂದರೆ, "ಕೆಲಸ ಮಾಡೋರ ಮುಂದೆ ಯಜಮಾನಿ ನಿದ್ದೆ ಮಾಡಲ್ಲಪ್ಪ, ನೀನು ನೋಡಿ ಹೊಡಿ," ಅಂದಳು. ಒಳಗಿದ್ದವರು ನಗು ತಡೆಯಲು ಒದ್ದಾಡಿದರು.

ಕಾಲಿಗೆ ಮೆಲ್ಲಗೆ ಜೀವ ಬಂತು, ಜೊತೆಯಲ್ಲಿ ನೋವೂ ಬಂತು. ನರ್ಸು ಬಂದು ಕೇಳಿದಳು. ಈಕೆಯೂ ಓಡಾಡಿ ದಣಿದವಳೇ, ಕೂದಲು ಟೋಪಿಯಿಂದ ಹೊರಬಿದ್ದಿತ್ತು. ತಕ್ಕಡಿಯಮ್ಮನ ನಾಲಿಗೆಯ ತುದಿಗೆ ಮೂರು ಬಂದು ನಿಂತಿತು. ಅಪ್ಪ ಕಲಿಸಿದ ಮಾತು. ಅದನ್ನು ನುಂಗುವುದು ಬೆನ್ನಿಗೆ ಸೂಜಿ ಹಾಕಿಸಿಕೊಂಡಷ್ಟು ಸುಲಭವಿರಲಿಲ್ಲ. ಗೋಡೆಗೊರಗಿದ್ದ ಸೊಸೆ ಅವಳನ್ನೇ ನೋಡುತ್ತಿದ್ದಳು.

"ಎಂಟು," ಅಂದಳು ತಕ್ಕಡಿಯಮ್ಮ. "ಕೊಸರು ಬಿಡದೆ ಎಂಟು."

"ಏನು ಬಿಡದೆ?"

"ಎಂಟು ಅಂತ ಬರ್ಕೊಳ್ಳಿ ಸಿಸ್ಟರ್, ಅವರ ತೂಕ ಯಾವತ್ತೂ ತಪ್ಪಲ್ಲ," ಅಂದಳು ಸೊಸೆ. ಹೇಳುವಾಗ ಅವಳ ಕತ್ತೂ ಒಂದು ಗೇಣು ಉದ್ದವಾಗಿತ್ತು. ಔಷಧಿ ಬಂತು. ಮತ್ತೆ ಕೇಳಿದಾಗ ಐದು, ಆಮೇಲೆ ನಾಲ್ಕು, ಒಮ್ಮೆ ಮತ್ತೆ ಏಳು. ಇದ್ದದ್ದು ಇದ್ದಷ್ಟೇ.

ಅಂಗಡಿ ಮತ್ತೆ ತೆರೆಯಿತು. ಎಡಗಾಲು ಹೇಳಿದ ಮಾತು ಕೇಳುತ್ತಿತ್ತು. ಬಲಗಾಲು ಹಳೇ ಗಿರಾಕಿಯಂತೆ ಚಳಿಯಲ್ಲಿ ಈಗಲೂ ಗೊಣಗುತ್ತಿತ್ತು, ಆದರೆ ಕೂಗಾಟ ನಿಂತಿತ್ತು. ಯಾರಾದರೂ ಕೇಳಿದರೆ "ಇದು ಒಂದು, ಅದು ನಾಲ್ಕು" ಎಂದು ಬೆಲೆ ಹೇಳಿದಷ್ಟೇ ಸಲೀಸಾಗಿ ಹೇಳಿ ಈರುಳ್ಳಿ ತೂಗುತ್ತಿದ್ದಳು. ಈರುಳ್ಳಿಯ ಕೊಸರು ಮಾತ್ರ ಹಾಗೇ ಇತ್ತು.

ಒಂದು ಬೆಳಿಗ್ಗೆ ಅಕ್ಕ ಬಂದಳು. ಅಂಗಡಿಯ ಹಲಗೆಗೆ ಕೈಯೂರಿ ನಿಂತವಳು ಕೈ ತೆಗೆಯಲಿಲ್ಲ. ತಕ್ಕಡಿಯಮ್ಮ ಆ ಕೈಯನ್ನು ನೋಡಿದಳು, ಭಾರವೆಲ್ಲ ಯಾವ ಕಾಲಿಗೆ ಬಿದ್ದಿದೆ ಎಂಬುದನ್ನೂ ನೋಡಿದಳು. ಇಷ್ಟು ದಿನ ತನ್ನ ನೋವಿನ ಗಲಾಟೆಯಲ್ಲಿ ಇದು ಕಣ್ಣಿಗೆ ಬಿದ್ದೇ ಇರಲಿಲ್ಲ.

"ಅಕ್ಕಾ, ನಿನ್ನ ಸೊಂಟ ಹತ್ತಕ್ಕೆ ಎಷ್ಟು?"

"ನಂದೇನೇ? ಮಲಗಿದೆ, ಎದ್ದೆ, ನಡೆದೆ. ಒಂದು ಅನ್ನು."

"ಒಬ್ಬನೇ ಅಪ್ಪ ಅಲ್ವಾ ನಮಗೆ ಕಲಿಸಿದ್ದು? ಕೊಸರು ಸೇರಿಸಿ ಹೇಳು."

ಅಕ್ಕ ಒಂದು ಕ್ಯಾರೆಟ್ಟು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಮತ್ತೆ ಅಲ್ಲೇ ಇಟ್ಟಳು.

"ಐದು ಕಣೇ," ಅಂದಳು. "ಬೆಳಿಗ್ಗೆ ಹೊತ್ತು ಆರು."

ತಕ್ಕಡಿಯಮ್ಮ ಹಲಗೆಯ ಕೆಳಗಿದ್ದ ಸ್ಟೂಲನ್ನು ಹೊಸ ಎಡಗಾಲಿನಿಂದ ಒಂದೇ ಸಲಕ್ಕೆ ಅಕ್ಕನ ಮುಂದೆ ತಳ್ಳಿದಳು.

"ಕೂತ್ಕೋ. ಈ ಗಿರಾಕೀನ ಕಳಿಸಿ ಬರ್ತೀನಿ, ಆ ಡಾಕ್ಟರಮ್ಮನ ಹತ್ರ ಹೋಗೋಣ."