ಮಲಕವ್ವ ಕೇಳಿದ ನ್ಯಾಯ

ಸಿದ್ರಾಮನಿಗೆ ಎರಡು ಭಾಷೆ ಬರುತ್ತಿದ್ದವು. ಇಚಲಕರಂಜಿಯ ಶಹಾಪುರದ ಆ ಶೆಡ್ಡಿನಲ್ಲಿ ಅದೇ ಅವನ ದೊಡ್ಡಸ್ತಿಕೆ. ಕೆಟ್ಟ ಮಗ್ಗಗಳನ್ನು ದುರಸ್ತಿ ಮಾಡುವ ಜಾಬರ್ ಅವನು. ಮಾಲೀಕ ಆಬಾಸಾಹೇಬರ ಮರಾಠಿಯನ್ನು ಕನ್ನಡದ ನೇಕಾರರಿಗೆ, ನೇಕಾರರ ದೂರನ್ನು ಮಾಲೀಕರಿಗೆ ಮುಟ್ಟಿಸುವುದೂ ಅವನ ಪಾಲಿಗೇ ಬಂದಿತ್ತು. ಮುಟ್ಟಿಸುವಾಗ ಎರಡೂ ಕಡೆಯ ಮಾತಿನ ಖಾರ ಕಡಿಮೆ ಮಾಡುತ್ತಿದ್ದ. ಅದರಿಂದ ಜಗಳ ತಪ್ಪುತ್ತದೆ ಎಂದು ಅವನ ನಂಬಿಕೆ.

೧೯೬೩ರ ಬೇಸಿಗೆಯಲ್ಲಿ ನೇಕಾರ ಮಾಯಪ್ಪ ಸತ್ತ. ಅವನ ಮಗ್ಗದಲ್ಲಿ ಲಾಳಿಗೆ ಹೊಡೆತ ಕೊಡುವ ಚರ್ಮದ ಪಟ್ಟಿ ಸವೆದು ಸೀಳಿತ್ತು. "ಲಾಳಿ ಹೊರಗ ಜಿಗ್ಯಾಕತ್ತೈತಿ ಸಿದ್ರಾಮಣ್ಣಾ" ಎಂದು ಎರಡು ಸಲ ಹೇಳಿದ್ದ. ಸಿದ್ರಾಮ ಅದನ್ನು ಮಾಲೀಕರಿಗೆ ಹೇಳಿದ. ಒಪ್ಪಿಕೊಂಡ ಮಾಲು ಮುಗಿಯುವ ತನಕ ಮಗ್ಗ ನಿಲ್ಲಕೂಡದು ಎಂದರು. ಮೂರನೆಯ ದಿನ ಲಾಳಿ ಹಾರಿ ಬಂದು, ಅದರ ಕಬ್ಬಿಣದ ಮೊನೆ ಮಾಯಪ್ಪನ ಕಣ್ಣಿಗೆ ಹೊಕ್ಕಿತು. ಕೊಲ್ಹಾಪುರದ ದವಾಖಾನೆಯಲ್ಲಿ ನಾಲ್ಕು ದಿನ ನರಳಿ ಪ್ರಾಣ ಬಿಟ್ಟ.

ದಿನಕರ್ಮ ಮುಗಿದ ಮೇಲೆ ಆಬಾಸಾಹೇಬರು ಅವನ ಹೆಂಡತಿ ಮಲಕವ್ವನನ್ನು ಕರೆಸಿದರು. ಅವಳು ಅಥಣಿ ಕಡೆಯಿಂದ ಬಂದು ವರ್ಷವಾಗಿತ್ತಷ್ಟೇ, ಮರಾಠಿ ಬಾರದು.

"ನಿನಗೇನ ಬೇಕು ಕೇಳಾಕತ್ತಾರ, ತಂಗಿ" ಎಂದ ಸಿದ್ರಾಮ.

"ನನಗ ನ್ಯಾಯ ಬೇಕು. ಪಟ್ಟಿ ಹರದದ್ದು ಗೊತ್ತಿದ್ದೂ ಮಗ್ಗ ನಡಿಸೀವಿ ಅಂತ ಹೇಳ್ಲಿ. ನನ್ನ ಗಂಡಂದು ತಪ್ಪಿಲ್ಲ ಅನ್ಲಿ."

"ಕಾಯ್ ಮ್ಹಣತೇ ಹೀ?" ಏನನ್ನುತ್ತಾಳೆ ಎಂದರು ಮಾಲೀಕರು.

ಸಿದ್ರಾಮ ಪದಗಳನ್ನು ತೂಗಿದ. ಮರಾಠಿಯಲ್ಲೂ ನ್ಯಾಯ ನ್ಯಾಯವೇ. ಆದರೆ ಮಾಲೀಕರ ಕಿವಿಗೆ ಅದು ಕೋರ್ಟು, ವಕೀಲ ಎಂದು ಬೀಳುತ್ತದೆ. ತನ್ನೂರಿನಲ್ಲಂತೂ ನ್ಯಾಯವಾಯಿತು ಎಂದರೆ ಜಗಳವಾಯಿತು ಎಂದೇ ಅರ್ಥ. 'ರಾಸ್ತ', ಅಂದರೆ ಸಲ್ಲಬೇಕಾದದ್ದು, ಎನ್ನಬಹುದಿತ್ತು, ಅದರಲ್ಲಿ ಕೇಳುವವರ ಹಕ್ಕು ಉಳಿಯುತ್ತಿತ್ತು. 'ವಾಜವಿ' ಮೆತ್ತಗಿನ ಮಾತು, ಅಂಗಡಿಯಲ್ಲಿ ದರ ಕೇಳುವಾಗ ಆಡುವಂಥದು. ಯಾವುದು ವಾಜವಿ ಎಂದು ಕೊಡುವವನೇ ಹೇಳಬಹುದು. ಮೇಲಾಗಿ, ಪಟ್ಟಿಯ ಮಾತು ಎದ್ದರೆ ಜಾಬರನ ಹೆಸರೂ ಏಳುತ್ತದೆ.

"ವಾಜವಿ ಕಾಯ್ ತೇ ದ್ಯಾ ಮ್ಹಣತೇ" ಎಂದ. ನಿಮಗೆ ಸರಿಕಂಡದ್ದು ಕೊಡಿ ಅನ್ನುತ್ತಾಳೆ ಎಂದು.

ಆಬಾಸಾಹೇಬರ ಮುಖ ಸಡಿಲಾಯಿತು. ಗಂಡನಿಗೆ ಕೊಟ್ಟಿದ್ದ ಖೋಲಿಯಲ್ಲೇ ದಸರೆಯ ತನಕ ಇರಲಿ, ಶೆಡ್ಡಿನಲ್ಲಿ ನೂಲು ಸುತ್ತಲಿ, 'ಮಾಣುಸಕಿ', ಮನುಷ್ಯತ್ವ, ಎಂದು ಇಷ್ಟು ಮಾಡುತ್ತೇವೆ ಎಂದು ಬರೆದಿಟ್ಟ ಕಾಗದ ಮುಂದೆ ತಳ್ಳಿದರು.

ಮಾಣುಸಕಿಗೆ ಸಿದ್ರಾಮ ಕನ್ನಡ ಹುಡುಕಿದ. "ಧರ್ಮದ್ಲೆ ಮಾಡ್ತಾರಂತವ್ವಾ."

"ಧರ್ಮಾ ಯಾಕ? ನಾ ಬೇಡಾಕ ಬಂದೇನೇನು? ತಪ್ಪಿಲ್ಲ ಅಂತ ಬರದಾರೋ ಇಲ್ಲೋ ಹೇಳು."

"ಬರದಾರ" ಎಂದ ಅವನು, ಕಾಗದ ನೋಡದೆ.

ಅವಳು ಹೆಬ್ಬೆಟ್ಟು ಒತ್ತಿದಳು. ಓದಿ ತಿಳಿಸಿದ್ದೇನೆ ಎಂಬ ಸಾಲಿನ ಕೆಳಗೆ ಸಿದ್ರಾಮ ಸಹಿ ಹಾಕಿದ.

ಹದಿನೈದು ದಿನಕ್ಕೆ ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಅವಳ ಅಣ್ಣ ಬಸಗೊಂಡ ಬಂದು, ಅವಳ ಕೈಗೆ ಕೊಟ್ಟಿದ್ದ ಕಾಗದದ ನಕಲು ಓದಿದ. ಮರುದಿನ ಮಲಕವ್ವ ಸಿದ್ರಾಮನನ್ನು ಮಗ್ಗಗಳ ಸದ್ದಿನಿಂದ ಹೊರಗೆ ಕರೆದಳು.

"ಮಾಯಪ್ಪ ತನ್ನ ನಿಷ್ಕಾಳಜಿಯಿಂದ ಸತ್ತ ಅಂತ ಐತಿ. ಈ ನಿಷ್ಕಾಳಜಿ ಮರಾಠಿಯೊಳಗೂ ಅದೇ ಮಾತಂತ, ಕನ್ನಡದಾಗೂ ಅದೇ ಅಂತ. ಯಾರದಿದು, ಅಣ್ಣಾ?"

"ಮಾಲಕಂದು" ಎಂದ. ಆಮೇಲೆ, "ನಂದೂ" ಎಂದ.

ಮೂರನೆಯ ದಿನ ಕೊಲ್ಹಾಪುರಕ್ಕೆ ಹೋಗಿ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಎಲ್ಲ ಹೇಳಿದ. ಅಧಿಕಾರಿ, ಮಾಲೀಕರು ಮೊದಲೇ ಸಲ್ಲಿಸಿದ್ದ ಕಾಗದ ತಿರುವಿ ನೋಡಿದ. "ಈ ಸಹಿ ನಿಂದೇ ಅಲ್ಲವೇ? ಸುಳ್ಳು ಹೇಳಿದ್ದು ಅಂದೋ, ಇಂದೋ?" ಎಂದು ಮರಾಠಿಯಲ್ಲಿ ಕೇಳಿದ.

"ಅಂದು, ಸಾಹೇಬ."

ಹೇಳಿಕೆ ಬರೆದುಕೊಂಡರು. ಆದರೆ ಆಗಲೇ ಮಾಯಪ್ಪನ ಮಗ್ಗಕ್ಕೆ ಹೊಸ ಪಟ್ಟಿ ಬಿದ್ದಿತ್ತು, ಸಾಕ್ಷಿ ಉಳಿದಿರಲಿಲ್ಲ. ಹೆಬ್ಬೆಟ್ಟಿನ ಕಾಗದವೇ ನಿಂತಿತು. ಸಿದ್ರಾಮನ ಕೆಲಸ ಹೋಯಿತು. ಉಳಿದ ಶೆಡ್ಡಿನವರೂ ಅವನನ್ನು ಸೇರಿಸಲಿಲ್ಲ. ಅದೇ ವಾರ ಮಲಕವ್ವನ ಖೋಲಿಗೆ ಬೇರೆ ಬೀಗ ಬಿತ್ತು; ಅವಳು ಅಣ್ಣನ ಮನೆ ಸೇರಿದಳು.

ಮಳೆಗಾಲ ಕಳೆದ ಮೇಲೆ ಅವನು ಗಡಹಿಂಗ್ಲಜಕ್ಕೆ ಹೋದ. ಅವಳು ಬಾಯಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಸಾಹೇಬರ ಮುಂದ ಖರೇ ಹೇಳೀನಿ, ತಂಗಿ."

"ಶೆಡ್ಡಿನ ಮಂದಿಗೆ ಹೇಳೀಯೇನು?"

"ಇಲ್ಲ."

"ಅವರು ಇನ್ನೂ ನನ್ನ ಗಂಡನ್ನ ಗಬಾಳಿ, ಲಕ್ಷ್ಯ ಇಲ್ಲದಾಂವ ಅಂತಾರ" ಎಂದು ಅವಳು ಕೆಲಸಕ್ಕೆ ತಿರುಗಿದಳು.

ಮರುದಿನ ಪಾಳಿ ಬಿಡುವ ಹೊತ್ತಿಗೆ ಸಿದ್ರಾಮ ಶೆಡ್ಡಿನ ಬಾಗಿಲಲ್ಲಿ ನಿಂತು, ಪಟ್ಟಿಯ ಸಂಗತಿಯನ್ನೂ ತನ್ನ ಸುಳ್ಳನ್ನೂ ಕೂಗಿ ಹೇಳಿದ. ಬಹಳ ಮಂದಿ ತಲೆ ತಗ್ಗಿಸಿ ದಾಟಿಹೋದರು. ಮುದುಕ ನೇಕಾರ ಗುರಣ್ಣ ಮಾತ್ರ ನಿಂತ.

"ನನ್ನ ಮಗ್ಗದ ಪಟ್ಟೀನೂ ಸವದೈತಿ" ಎಂದ ಅವನು. "ಹೊಸಾ ಜಾಬರಗ ಕನ್ನಡಾ ತಿಳಿಯೂದಿಲ್ಲ. ಯಾರಿಗೆ ಹೇಳ್ಲಿ?"

ಒಳಗಿನಿಂದ ಕಾವಲುಗಾರ ಬಂದು ಇಬ್ಬರನ್ನೂ ಹೊರಕ್ಕೆ ದಬ್ಬಿ ಬಾಗಿಲು ಮುಚ್ಚಿದ.