ನಾಲ್ಕನೆಯ ಸೂಚನೆ

ಡ್ರಾಯಿಂಗ್ ಆಫೀಸಿನಲ್ಲಿ ಎಲ್ಲರೂ ಅವನನ್ನು ‘ಕೆಂಪು ಪೆನ್ಸಿಲ್’ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವನಿಗೆ ಅದು ಗೊತ್ತಿತ್ತು, ಗೊತ್ತಿದ್ದು ಒಳಗೊಳಗೇ ಖುಷಿಪಡುತ್ತಿದ್ದ. ಬೇರೆಯವರು ಬಿಡಿಸಿದ ನಕ್ಷೆಗಳನ್ನು ತಿದ್ದುವುದು ಅವನ ಕೆಲಸ. ಎಲ್ಲಿ ಅಳತೆ ಬಿಟ್ಟುಹೋಗಿದೆ, ಎಲ್ಲಿ ಬೋಲ್ಟಿನ ತಲೆಯ ಸುತ್ತ ಸ್ಪ್ಯಾನರ್ ತಿರುಗಿಸಲು ಜಾಗವಿಲ್ಲ, ಎಲ್ಲಿ ರಬ್ಬರ್ ರಿಂಗ್ ಕೂರುವ ತೋಡು ಆಳವಾಗಿಬಿಟ್ಟು ರಿಂಗ್ ಒತ್ತಿಕೊಳ್ಳದೆ ಸೋರುತ್ತದೆ ಎಂದು ಹುಡುಕಿ ಹುಡುಕಿ ಕೆಂಪು ಗೆರೆ ಎಳೆಯುವುದು. ಆ ಗೆರೆ ಎಷ್ಟು ಜನರ ಬೆವರಿಳಿಸಿತ್ತೋ ಹೇಳತೀರದು. ಅಂಥವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ ಮೇಜಿನ ಮೇಲಿಂದಲೇ ತಪ್ಪು ರಾಜಾರೋಷವಾಗಿ ನಡೆದುಕೊಂಡು ಹೋಯಿತು.

ಅವನ ತಮ್ಮ ಅದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಫಿಟ್ಟರ್. ಮೇಲೆ ಅಣ್ಣ ಸಹಿ ಹಾಕಿದ ಹಾಳೆ ಕೆಳಗಿಳಿದು ಬಂದರೆ ತಮ್ಮ ಅದನ್ನು ನೋಡಿ ವಾಲ್ವ್ ಜೋಡಿಸುತ್ತಿದ್ದ. ಅಪ್ಪ ಅಮ್ಮ ಬೇಗ ಕಣ್ಮುಚ್ಚಿದ್ದರಿಂದ ತಮ್ಮನನ್ನು ಸಾಕಿದವನು, ಕೆಲಸಕ್ಕೆ ಸೇರಿಸಿದವನು, ಮದುವೆ ಮಾಡಿಸಿದವನು ಎಲ್ಲ ಅಣ್ಣನೇ. ತಾನು ಮಾತ್ರ ಒಂಟಿಯಾಗಿ ಉಳಿದು, ತಮ್ಮನ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತಿದ್ದ. ಇವನ ಅಳತೆಗೆ ಹೊಂದುವ ಹೆಣ್ಣನ್ನು ಯಾವ ಕಾರ್ಖಾನೆಯವರೂ ತಯಾರಿಸುವುದಿಲ್ಲ ಎಂದು ಆಫೀಸಿನವರು ನಗುತ್ತಿದ್ದರು.

ಮುಚ್ಚಳದ ಬೋಲ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯಬಾರದು, ಎದುರುಬದುರು ಬಿಗಿಯಬೇಕು, ಇಲ್ಲದಿದ್ದರೆ ಮುಚ್ಚಳ ಒಂದು ಕಡೆಗೆ ವಾಲುತ್ತದೆ; ಸೋರುತ್ತಿದೆಯೆಂದು ಮೈಮೇಲೆ ಬಂದವರ ಹಾಗೆ ತಿರುಗಿಸಿದರೆ ಬೋಲ್ಟು ಎಳೆದುಕೊಂಡು ಹಿಡಿತವನ್ನೇ ಬಿಡುತ್ತದೆ. ಇಂಥವನ್ನೆಲ್ಲ ತಮ್ಮನಿಗೆ ಹೇಳಿಕೊಟ್ಟಿದ್ದು ಅವನೇ. ಎಲ್ಲಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿತ್ತು: ಡ್ರಾಯಿಂಗ್‌ನಲ್ಲಿ ಇದ್ದದ್ದನ್ನು ಮಾಡು, ಸ್ವಂತ ತಲೆ ಓಡಿಸಬೇಡ, ಅನುಮಾನ ಬಂದರೆ ಮೆಟ್ಟಿಲು ಹತ್ತಿ ಬಂದು ನನ್ನನ್ನು ಕೇಳು.

ತಮ್ಮ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡನೆಂದರೆ, ಕೆಳಗೆ ಅವನಿಗೆ ‘ಹಾಕ್ಲಾ’ ಎಂದೇ ಹೆಸರು ಬಿತ್ತು. ವಾಷರ್ ಹಾಕ್ಲಾ, ಪಿನ್ ಹಾಕ್ಲಾ, ಎರಡನೇ ನಟ್ ಹಾಕ್ಲಾ ಎಂದು ಹಾಳೆ ಹಿಡಿದು ಮೇಲೆ ಬರುತ್ತಲೇ ಇರುತ್ತಿದ್ದ. ಅಣ್ಣ ಗೊಣಗುತ್ತಿದ್ದ, ಆದರೆ ಹೇಳುತ್ತಿದ್ದ. ತಮ್ಮ ಜೋಡಿಸಿದ ವಾಲ್ವ್ ಸೋರಿತೆಂದು ಯಾರೂ ದೂರು ತಂದವರಲ್ಲ.

ಆ ಆಫೀಸಿನಲ್ಲಿ ಯಾರೂ ಖಾಲಿ ಹಾಳೆಯಿಂದ ಕೆಲಸ ಶುರುಮಾಡುತ್ತಿರಲಿಲ್ಲ. ಹಳೆಯ ನಕ್ಷೆಯೊಂದನ್ನು ತೆಗೆದು, ಹೊಸ ಹೆಸರಿಟ್ಟು, ಬೇಡದ್ದನ್ನು ಅಳಿಸಿ, ಬೇಕಾದ್ದನ್ನು ಸೇರಿಸುವುದು ರೂಢಿ. ಹಾಗಾಗಿ ಪ್ರತಿ ಹಾಳೆಯ ಬಲಬದಿಯಲ್ಲಿ ಅವೇ ನಾಲ್ಕು ಸೂಚನೆಗಳು ಇರುತ್ತಿದ್ದವು. ಅಳತೆಗಳೆಲ್ಲ ಮಿಲಿಮೀಟರಿನಲ್ಲಿ. ಚೂಪು ಅಂಚುಗಳನ್ನು ಉಜ್ಜಿ ತೆಗೆಯಿರಿ. ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ನಾಲ್ಕನೆಯದು: ರಬ್ಬರ್ ರಿಂಗುಗಳಿಗೆ ತೆಳುವಾಗಿ ಗ್ರೀಸ್ ಹಾಕಿ ಕೂರಿಸಿ. ನೀರಿನ ವಾಲ್ವಿಗೂ ಗಾಳಿಯ ವಾಲ್ವಿಗೂ ಅದು ಒಳ್ಳೆಯ ಮಾತೇ, ಗ್ರೀಸ್ ಇಲ್ಲದಿದ್ದರೆ ರಿಂಗ್ ಕೂರುವಾಗ ತರಚಿಕೊಳ್ಳುತ್ತದೆ. ಓದಿ ಓದಿ ಆ ನಾಲ್ಕು ಸಾಲು ಗೋಡೆಯ ಸುಣ್ಣದ ಹಾಗೆ ಆಗಿಬಿಟ್ಟಿದ್ದವು. ಇದ್ದವು, ಯಾರೂ ನೋಡುತ್ತಿರಲಿಲ್ಲ.

ಆಗ ಆಕ್ಸಿಜನ್ ವಾಲ್ವಿನ ಆರ್ಡರ್ ಬಂತು. ಆ ಕಾರ್ಖಾನೆಗೆ ಅದೇ ಮೊದಲು. ಆಕ್ಸಿಜನ್ ಇದ್ದ ಕಡೆ ಎಣ್ಣೆ ಜಿಡ್ಡು ಸುಳಿಯಬಾರದು ಎಂಬುದು ಕೆಂಪು ಪೆನ್ಸಿಲ್‌ಗೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗೊತ್ತಿತ್ತು. ಹೊಟ್ಟೆ ಉರಿಯುವುದೇ ಅದಕ್ಕೆ. ನಕ್ಷೆ ಮೇಜಿಗೆ ಬಂದಾಗ ಅವನು ರಿಂಗಿನ ರಬ್ಬರ್ ಯಾವುದೆಂದು ನೋಡಿದ, ಇದಕ್ಕೆ ಆಗದು ಎಂದು ಬದಲಾಯಿಸಿದ. ತೋಡಿನ ಮೂಲೆಗಳನ್ನು ದುಂಡಗೆ ಮಾಡಿಸಿದ. ಬೋಲ್ಟು ಎಷ್ಟು ಸುತ್ತು ಒಳಹೋಗುತ್ತದೆ ಎಂದು ಲೆಕ್ಕ ಹಾಕಿ ಒಂದು ಅಳತೆ ಹೆಚ್ಚಿಸಿದ. ಹಾಳೆ ತುಂಬ ಕೆಂಪು ಗೆರೆ. ಬಲಬದಿಯ ಆ ನಾಲ್ಕು ಸಾಲಿನ ಮೇಲೆ ಮಾತ್ರ ಪೆನ್ಸಿಲ್ ಹರಿಯಲಿಲ್ಲ. ತಿದ್ದಿದ ಪ್ರತಿ ಮರಳಿ ಬಂದಾಗ ಸಹಿ ಹಾಕಿದ, ಇಷ್ಟು ಚೊಕ್ಕವಾದ ಹಾಳೆ ಈ ಆಫೀಸಿಂದ ಹೋಗಿಯೇ ಇಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಎದ್ದುಹೋಗಿದ್ದರು. ಅವನು ಮಾತ್ರ ಇನ್ನೊಬ್ಬರ ನಕ್ಷೆಯ ಮೇಲೆ ಬಗ್ಗಿ, ಎರಡು ಭಾಗಗಳ ತೂತುಗಳು ಒಂದಕ್ಕೊಂದು ಕೂಡುತ್ತಿಲ್ಲವೆಂದು ಹಲ್ಲು ಕಡಿಯುತ್ತಿದ್ದ. ತಮ್ಮ ಬಂದು ಪಕ್ಕದಲ್ಲಿ ನಿಂತ. ಕೈಯಲ್ಲಿ ಹಾಳೆ, ಬಲಬದಿಯಲ್ಲಿ ಹೆಬ್ಬೆರಳು.

“ಅಣ್ಣ, ನಾಲ್ಕನೇದು. ಇದಕ್ಕೂ ಗ್ರೀಸ್ ಹಾಕ್ಲಾ?”

“ಡ್ರಾಯಿಂಗ್‌ನಲ್ಲಿದೆ ತಾನೆ?” ಅವನು ತಲೆ ಎತ್ತಲಿಲ್ಲ.

“ಇದೆ. ಅಲ್ಲ, ಇದು ಸ್ವಲ್ಪ ಬೇರೆ...”

“ತಲೆ ತಿನ್ಬೇಡ. ಇದ್ರೆ ಹಾಕು.”

ತಮ್ಮ ಒಂದು ಗಳಿಗೆ ನಿಂತಿದ್ದು ಮೆಟ್ಟಿಲಿಳಿದು ಹೋದ. ಆ ಒಂದು ಗಳಿಗೆಯಲ್ಲಿ ಅಣ್ಣ ತಲೆ ಎತ್ತಿ ಹಾಳೆಯ ಹೆಸರು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಅವನು ಬೇರೆಯವರ ತಪ್ಪು ಹುಡುಕುತ್ತಿದ್ದ.

ಸಂಜೆ ಪರೀಕ್ಷೆಯ ಬೆಂಚಿನ ಮೇಲೆ ವಾಲ್ವ್ ಕೂರಿಸಿ ಸಿಲಿಂಡರಿನ ತಿರುಪು ತೆರೆದರು. ಅಷ್ಟು ಒತ್ತಡದಲ್ಲಿ ಆಕ್ಸಿಜನ್ ನುಗ್ಗಿದ ಮೇಲೆ ಗ್ರೀಸಿಗೆ ಬೆಂಕಿ ಹತ್ತಲು ಕಡ್ಡಿ ಗೀರುವವರು ಬೇಕಿಲ್ಲ. ಸದ್ದು ಮೇಲಿನ ಅಂತಸ್ತಿಗೂ ಕೇಳಿತು. ಕಿಟಕಿಯ ಗಾಜು ಅದುರಿದವು. ಕೆಂಪು ಪೆನ್ಸಿಲ್ ಕೆಳಗೆ ಓಡಿದಾಗ ತಮ್ಮನನ್ನು ನೆಲದ ಮೇಲೆ ಮಲಗಿಸಿದ್ದರು. ಮುಖದ ಮೇಲೆ ಯಾರದೋ ಒದ್ದೆ ಅಂಗಿ ಹೊದಿಸಿದ್ದರು.

ತಮ್ಮ ಬದುಕಿದ. ಕಣ್ಣು ಎರಡೂ ಹೋದವು. ಆ ದಿನದ ಬೆಳಗಿನಿಂದ ಆಚೆಗೆ ಅವನಿಗೆ ಒಂದೂ ನೆನಪಿಲ್ಲವೆಂದು ಡಾಕ್ಟರು ಹೇಳಿದರು.

ಕಾರ್ಖಾನೆಯವರು ವಿಚಾರಣೆ ಮಾಡಿದರು. ನಕ್ಷೆಯಲ್ಲಿ ಆ ಸಾಲು ಇರಬಾರದಿತ್ತು ಎಂದು ಎಲ್ಲರೂ ಒಪ್ಪಿಕೊಂಡರು. ಆದರೆ ಬಿಡಿಸಿದವರದು ಒಂದು ಸಹಿ, ತಿದ್ದಿದವನದು ಒಂದು, ಒಪ್ಪಿಗೆ ಕೊಟ್ಟವರದು ಇನ್ನೊಂದು. ತಪ್ಪು ಹಂಚಿಹಂಚಿ ಯಾರ ಪಾಲಿಗೂ ಚೂರೂ ಬರಲಿಲ್ಲ. ಆಮೇಲೆ ದೊಡ್ಡ ಇಂಜಿನಿಯರು, ಅನುಮಾನ ಬಂದರೆ ಫಿಟ್ಟರ್ ಮೇಲೆ ಬಂದು ಕೇಳುವುದು ಇಲ್ಲಿಯ ಪದ್ಧತಿಯಲ್ಲವೇ, ಆ ದಿನ ಅವನು ಬಂದಿದ್ದನೇ ಎಂದು ಕೆಂಪು ಪೆನ್ಸಿಲ್‌ನನ್ನು ವಿಚಾರಿಸಿದರು. ನೆನಪಿಲ್ಲ ಎಂದ. ನಾಲಿಗೆ ಅಷ್ಟಕ್ಕೇ ಹೊರಳಿತು. ಅಷ್ಟೇ ಸಾಕಾಯಿತು ಅವರಿಗೆ. ಫಿಟ್ಟರ್ ಕೇಳದೆ ಹಾಕಿದ ಎಂದು ಕುರುಡನ ತಲೆಯ ಮೇಲೆ ಗೂಬೆ ಕೂರಿಸಿ ಎಲ್ಲರೂ ಕೈ ತೊಳೆದುಕೊಂಡರು.

ಅವರ ಮುಂದೆ ಹೆದರಿದೆ, ತಮ್ಮನ ಮುಂದೆ ಹೆದರುವುದಿಲ್ಲ ಎಂದು ಅವನು ನಿರ್ಧಾರ ಮಾಡಿಕೊಂಡ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ನೀನು ಬಂದಿದ್ದೆ. ನೀನು ಕೇಳಿದ್ದೆ. ಹಾಕು ಅಂದವನು ನಾನು. ಮೂರೇ ಮಾತು.

ತಮ್ಮ ಹಾಸಿಗೆಯಲ್ಲಿ ಒರಗಿ ಕೂತಿದ್ದ, ಕಣ್ಣಿಗೆ ಬಿಳಿ ಪಟ್ಟಿ. ಅವನ ಹೆಂಡತಿ ಕಾಲ ಬಳಿ ಬಟ್ಟೆ ಮಡಿಸುತ್ತಿದ್ದಳು. ಹೆಜ್ಜೆಯ ಸದ್ದಿನಿಂದಲೇ ತಮ್ಮ ಅಣ್ಣನನ್ನು ಗುರುತಿಸಿದ.

“ಅಣ್ಣ, ಒಂದೇ ಒಂದು ಹೇಳು. ಅವತ್ತು ನಾನು ಮೇಲೆ ಬಂದು ನಿನ್ನನ್ನ ಕೇಳಿದ್ನಾ?”

ಬಟ್ಟೆ ಮಡಿಸುವ ಕೈ ನಿಂತಿತು. ತಮ್ಮ ಮುಖವನ್ನು ಅಣ್ಣ ನಿಂತ ಕಡೆಗೆ ತಿರುಗಿಸಿ ಕಾಯುತ್ತಿದ್ದ. ಚಿಕ್ಕವನಿದ್ದಾಗ ಲೆಕ್ಕ ಸರಿಯಿದೆಯಾ ಎಂದು ಸ್ಲೇಟು ಹಿಡಿದು ಕಾಯುತ್ತಿದ್ದ ಮುಖ ಅದೇ. ಅದರಲ್ಲಿ ನಂಬಿಕೆಯಲ್ಲದೆ ಬೇರೇನೂ ಇರಲಿಲ್ಲ. ಅದನ್ನು ಕಳೆದುಕೊಂಡರೆ ತನಗೆ ಈ ಲೋಕದಲ್ಲಿ ಉಳಿಯುವುದು ಏನೂ ಇಲ್ಲ ಎಂದು ಅವನಿಗೆ ಅನ್ನಿಸಿತು. ಹೇಡಿತನ, ಅಷ್ಟೇ. ಬೇರೆ ಹೆಸರು ಅದಕ್ಕಿಲ್ಲ.

“ಇಲ್ಲ,” ಎಂದ.

ತಮ್ಮ ತಲೆ ತಗ್ಗಿಸಿದ.

“ಕೇಳ್ಬೇಕಿತ್ತು. ಯಾವಾಗ್ಲೂ ಕೇಳ್ತಿದ್ದೆ, ಅವತ್ತು ಏನು ಬಡ್ಕೊಂಡಿತ್ತೋ ನಂಗೆ. ನಿನ್ನ ಹೆಸರನ್ನೂ ಕೆಡಿಸ್ದೆ. ಹೊಟ್ಟೆಗೆ ಹಾಕ್ಕೋ ಅಣ್ಣ.”

ಸುಟ್ಟ ಕೈ ಗಾಳಿಯಲ್ಲಿ ತಡಕಾಡಿತು. ಅಣ್ಣ ಅದನ್ನು ಹಿಡಿದುಕೊಂಡ. ಹಿಡಿಯದೆ ಇರಲು ಅವನಿಂದ ಆಗಲಿಲ್ಲ.

ಹೊರಗೆ ವರಾಂಡದಲ್ಲಿ ತಮ್ಮನ ಹೆಂಡತಿ ಅವನ ಹಿಂದೆಯೇ ಬಂದಳು. “ಇವ್ರು ಕೇಳದೆ ಗೋಡೆಗೆ ಒಂದು ಮೊಳೆ ಹೊಡ್ದೋರಲ್ಲ ಭಾವ,” ಎಂದಳು. ಅವನು ಮೆಟ್ಟಿಲ ಕಡೆಗೆ ತಿರುಗಿಕೊಂಡ. ಅವಳು ಇನ್ನೂ ಏನೋ ಹೇಳುವವಳಿದ್ದು, ಫ್ಲಾಸ್ಕ್ ಹಿಡಿದು ಬಿಸಿನೀರಿಗೆ ಹೋದಳು.

ಮನೆಗೆ ಬಂದ ಮೇಲೆ ತಮ್ಮನಿಗೆ ಕಾರ್ಖಾನೆಯಿಂದ ಒಂದು ಕೆಲಸ ಕಳಿಸಿಕೊಟ್ಟರು. ಬೋಲ್ಟುಗಳಿಗೆ ವಾಷರ್ ಮತ್ತು ನಟ್ ಹಾಕಿ ಜೋಡಿ ಮಾಡಿ ಡಬ್ಬಿಗೆ ತುಂಬುವುದು. ಬೆರಳಿಗೆ ಅಳತೆಗಳೆಲ್ಲ ಗೊತ್ತಿದ್ದವು, ಕಣ್ಣಿನ ಅಗತ್ಯವಿರಲಿಲ್ಲ. ಆದರೆ ಈಗ ಅವನು ಪ್ರತಿಯೊಂದಕ್ಕೂ ಕೇಳುತ್ತಿದ್ದ. ಅಂಗಿ ಹಾಕ್ಲಾ, ಬಾಗಿಲು ಹಾಕ್ಲಾ, ಚಹಾಕ್ಕೆ ಸಕ್ಕರೆ ಹಾಕ್ಲಾ. ಬಂದುಹೋಗುವ ನೆಂಟರಿಗೆಲ್ಲ ತಾನೇ ಹೇಳುತ್ತಿದ್ದ, ನಕ್ಷೆಯದೇನೂ ತಪ್ಪಿಲ್ಲ, ಒಂದೇ ಒಂದು ಸಲ ಕೇಳದೆ ಮಾಡಿದೆ, ಹೀಗಾದೆ ಎಂದು. ಅಣ್ಣ ಮೇಲಿನ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ. ಆಫೀಸಿನಲ್ಲಿ ಪೆನ್ಸಿಲ್ ಹಿಡಿದ ಕೈ ಮೇಲೇಳುತ್ತಿರಲಿಲ್ಲ, ಬಂದ ಹಾಳೆಗಳನ್ನು ಹಾಗೇ ದಾಟಿಸುತ್ತಿದ್ದ.

ಕೊನೆಗೆ ಒಂದು ಸಂಜೆ ಅವನಿಂದ ತಡೆಯಲಾಗಲಿಲ್ಲ. ಇಳಿದು ಬಂದು ತಮ್ಮನ ಎದುರು ನೆಲದ ಮೇಲೆ ಕೂತ. ನಡುವೆ ಬೋಲ್ಟಿನ ತಟ್ಟೆ.

“ನೀನು ಬಂದಿದ್ದೆ ಕಣೋ. ಮೇಲೆ ಬಂದು ಕೇಳಿದ್ದೆ. ಹಾಕು ಅಂದೋನು ನಾನು.”

ತಮ್ಮನ ಬೆರಳು ನಿಂತವು. ಆಮೇಲೆ ಅವನು ನಕ್ಕ. ತುಂಬ ಮೆತ್ತಗೆ, ಅಕ್ಕರೆಯಿಂದ ನಕ್ಕ.

“ಬಿಡಣ್ಣ. ಚಿಕ್ಕಂದಿನಿಂದ ನೋಡ್ತಾ ಇದೀನಿ, ನಾನು ಮಾಡಿದ್ದನ್ನೆಲ್ಲ ನಿನ್ನ ಮೇಲೆ ಎಳ್ಕೊಳ್ತೀಯ. ಇದೂ ನಿಂದೇ ಅಂತೀಯಾ?”

“ನಿಜ ಹೇಳ್ತಿದೀನಿ.”

“ನೀನು ಹಾಗಂತೀಯಾ ಅಂತ ನಂಗೆ ಗೊತ್ತಿತ್ತು. ಅವತ್ತು ಆಸ್ಪತ್ರೇಲಿ ಹೇಳಿದ್ಯಲ್ಲ, ಅದೇ ನಿಜ. ನೀನು ನಂಗೆ ಯಾವತ್ತೂ ಸುಳ್ಳು ಹೇಳಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಅವಳು ನಂಬಿದ್ದಳು. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಬೈಯಲಿ, ಕೈಯಲ್ಲಿದ್ದ ಪಾತ್ರೆ ಎತ್ತಿ ಎಸೆಯಲಿ ಎಂದು ಅವನು ಕಾದ. ಅವಳು ಗಂಡನ ಮುಖದ ಮೇಲಿದ್ದ ಆ ನಗುವನ್ನೊಮ್ಮೆ ನೋಡಿದಳು, ಒಳಗೆ ಹೋದಳು.

ತಮ್ಮ ತಟ್ಟೆಯಿಂದ ಒಂದು ಬೋಲ್ಟು ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ವಾಷರ್ ಹಿಡಿದು, ಕಣ್ಣಿಲ್ಲದ ಮುಖವನ್ನು ಅಣ್ಣನ ಕಡೆಗೆ ತಿರುಗಿಸಿದ.

“ಅಣ್ಣ, ಇದಕ್ಕೆ ವಾಷರ್ ಹಾಕ್ಲಾ?”

ತಮ್ಮ ಕಾಯುತ್ತಲೇ ಇದ್ದ. ಉತ್ತರ ಬರುವವರೆಗೆ ಅವನು ಕೈ ಅಲ್ಲಾಡಿಸುವವನಲ್ಲ.

“ಹಾಕು,” ಎಂದ ಅಣ್ಣ.