ಮೂರನೆಯ ಬಾಟಲಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನಿಗೆ ಅದು ಎಲ್ಲಿರುತ್ತದೆಂದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ಹೋದ ವರ್ಷವೇ ಗೊತ್ತಾಗಬೇಕಿತ್ತು. ಈಜು, ಸೈಕಲ್ಲು, ಓಟ ಮೂರನ್ನೂ ಒಂದೇ ದಿನ ಮುಗಿಸುವ ಸ್ಪರ್ಧೆಯಲ್ಲಿ ಅವಳ ಸೈಕಲ್ಲು ಎಪ್ಪತ್ತನೆಯ ಕಿಲೋಮೀಟರಿಗೆ ಪಂಕ್ಚರಾಯಿತು. ಸೀಟಿನ ಕೆಳಗಿನ ಚೀಲಕ್ಕೆ ಕೈ ಹಾಕಿದರೆ ಟೈರೂ ಇಲ್ಲ, ಟ್ಯೂಬೂ ಇಲ್ಲ. ಹಿಂದಿನ ದಿನ ಅವಳಿಗೆ ಹೇಳದೆ ಅವೆರಡನ್ನೂ ತೆಗೆದಿಟ್ಟವನು ನಾನು. ಸೈಕಲ್ ಅಂಗಡಿಯವನು ನೋಡಿ, ಹೆಂಡತಿಯ ಅಡುಗೆಮನೆಯ ತಕ್ಕಡಿ ತಂದು ಬೋಲ್ಟು ನಟ್ಟುಗಳನ್ನೂ ತೂಗುವವನು. ತೂಕ ಕಡಿಮೆಯಾದರೆ ಅಕ್ಕ ಹಕ್ಕಿಯ ಹಾಗೆ ಹಾರುತ್ತಾಳೆ ಎಂದುಕೊಂಡಿದ್ದೆ. ಅವಳು ವ್ಯಾನಿನಲ್ಲಿ ಕೂತು ವಾಪಸ್ ಬಂದಳು.

ಬೈಗುಳ ತಿನ್ನಲು ತಯಾರಾಗಿ ನಿಂತಿದ್ದೆ. ಅವಳು "ಊಟ ಮಾಡಿದ್ಯೇನೋ?" ಎಂದಷ್ಟೇ ಕೇಳಿದಳು. ಕಪಾಳಕ್ಕೆ ಎರಡು ಬಿಟ್ಟಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಂದಿನಿಂದ ನನ್ನೊಡನೆ ಅವಳ ಮಾತೆಲ್ಲ ಮೆತ್ತಗೆ, ನೆಂಟರ ಮನೆಗೆ ಬಂದವಳ ಹಾಗೆ.

ಅಕ್ಕ ಸಿಟಿ ಬಸ್ಸಿನ ಡ್ರೈವರ್. ಐವತ್ತೊಂದು ವರ್ಷ. ಬೆಳಿಗ್ಗೆ ಡಿಪೋದಿಂದ ಗಾಡಿ ತೆಗೆಯುವ ಮುಂಚೆ ಅದರ ಸುತ್ತ ಒಂದು ಸುತ್ತು ಬಂದು, ಒಂದೊಂದು ಚಕ್ರವನ್ನೂ ಕಾಲಿಂದ ಒದ್ದು ನೋಡುತ್ತಾಳೆ. ಈ ವರ್ಷ ಸ್ಪರ್ಧೆಗೆ ಹೆಸರು ಕೊಟ್ಟ ದಿನ ಅಂಗಡಿಗೆ ಬಂದಳು.

"ಇದೇ ಕೊನೆ ಕಣೋ. ಮೊದಲನೇ ವರ್ಷ ಬಾಟ್ಲಿ ಹಾರೋಯ್ತು, ಎರಡನೇ ವರ್ಷ ಟೈರು. ಈ ಸಲನೂ ಆಗ್ಲಿಲ್ಲ ಅಂದ್ರೆ ಸೈಕಲ್ಲನ್ನ ಇಲ್ಲೇ ಒಂದು ಕೊಕ್ಕೆಗೆ ನೇತು ಹಾಕ್ಬಿಡು. ಯಾರಾದ್ರೂ ತಗೊಂಡು ಹೋಗ್ತಾರೆ."

ಗೋಡೆಗೆ ಕೊಕ್ಕೆಯನ್ನೇನೋ ಹೊಡೆದೆ, ಆದರೆ ಅದಕ್ಕೆ ಸೈಕಲ್ಲು ಏರಬಾರದೆಂದು ಆ ದಿನವೇ ಹಟ ತೊಟ್ಟೆ. ಪ್ರಾಯಶ್ಚಿತ್ತವೆಂದು ಹೊಸ ಚಕ್ರಗಳನ್ನು ಹಾಕಿದೆ. ಅವುಗಳ ರಿಮ್ಮು ಟೈರಿನಿಂದ ಒಳಮುಖವಾಗಿ ನಾಲ್ಕು ಬೆರಳು ಅಗಲ, ಗಾಳಿಯನ್ನು ಸೀಳಿಕೊಂಡು ಹೋಗುವಂಥದ್ದು. ಅಷ್ಟು ದಪ್ಪ ರಿಮ್ಮಿನಿಂದ ಹೊರಗೆ ಬರಬೇಕಾದರೆ ಟ್ಯೂಬಿನ ವಾಲ್ವೂ ಉದ್ದ ಇರಬೇಕು, ಇಲ್ಲದಿದ್ದರೆ ಪಂಪ್ ಹಾಕಲು ಜಾಗವೇ ಇಲ್ಲ. ಅಂಥ ಟ್ಯೂಬನ್ನೇ ತರಿಸಿದೆ. ಮಡಚಿದ ಟೈರನ್ನೂ ಅದನ್ನೂ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ತುಂಬಿ, ಸೀಟಿನ ಕೆಳಗೆ ಪಟ್ಟಿಯಿಂದ ಬಿಗಿದೆ. ಬಾಟಲಿಗಳನ್ನು ಸೀಟಿನ ಹಿಂದೆ ಸಿಕ್ಕಿಸುವುದನ್ನೇ ಬಿಟ್ಟು, ಒಂದನ್ನು ಹ್ಯಾಂಡಲಿನ ನಡುವೆ, ಇನ್ನೊಂದನ್ನು ಫ್ರೇಮಿನ ಕೆಳಗಿನ ಕೊಳವೆಗೆ ಕೂರಿಸಿದೆ. ಬೀದಿಯ ಹಂಪಿನ ಮೇಲೆ ಇಪ್ಪತ್ತು ಸಲ ಓಡಿಸಿದೆ. ಒಂದೂ ಅಲುಗಲಿಲ್ಲ.

ಅಕ್ಕ ನೋಡಿದಳು. "ಮೂರನೇದು ಎಲ್ಲಿ?"

"ಎರಡು ಸಾಕಕ್ಕ. ದಾರೀಲಿ ನೀರು ಕೊಡ್ತಾರೆ. ಒಂದು ಬಾಟ್ಲಿ ಅಂದ್ರೆ ಮುಕ್ಕಾಲು ಕೇಜಿ!"

"ನಾನು ಹೊರೋದು, ನೀನಲ್ಲ."

ಗೊಣಗುತ್ತಲೇ ಮೂರನೆಯದಕ್ಕೂ ಜಾಗ ಮಾಡಿದೆ. ಅವಳದು ಹಳೆಯ ಹಳದಿ ಬಾಟಲಿ. ಡಿಪೋದಲ್ಲಿ ಅದಲು ಬದಲಾಗದಿರಲೆಂದು ಅದರ ಮೇಲೆ ಕೆಂಪು ಉಗುರು ಬಣ್ಣದಿಂದ ಮೂರು ಚುಕ್ಕೆ ಇಟ್ಟಿದ್ದಳು.

ಸ್ಪರ್ಧೆಯ ದಿನ ಬೆಳಿಗ್ಗೆ ಅವಳು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಚೀಲವನ್ನು ಒತ್ತಿ ನೋಡಿ, "ಸ್ಟೆಪ್ನಿ ಇದೆ" ಎಂದಳು. ಈಜು ಚೆನ್ನಾಗಿಯೇ ಮುಗಿಯಿತು. ಒದ್ದೆ ತಲೆಗೆ ಹೆಲ್ಮೆಟ್ ಏರಿಸಿಕೊಂಡು ಸೈಕಲ್ ಹತ್ತಿದಳು. ಮಧ್ಯಾಹ್ನ ಒಂದೂವರೆಯೊಳಗೆ ತೊಂಬತ್ತು ಕಿಲೋಮೀಟರ್ ತುಳಿದು ವಾಪಸ್ ಬಂದರೆ ಮಾತ್ರ ಓಟಕ್ಕೆ ಬಿಡುತ್ತಾರೆ.

ಅವಳು ತಿರುವಿನಲ್ಲಿ ಮರೆಯಾದ ಮೇಲೆ ಪೆನ್ನಿಗೆಂದು ಜಾಕೆಟ್ಟಿನ ಜೇಬಿಗೆ ಕೈ ಹಾಕಿದೆ. ರಬ್ಬರಿನ ಸುರುಳಿ ಸಿಕ್ಕಿತು. ಅದರ ವಾಲ್ವು ಉದ್ದವಿತ್ತು.

ಹಿಂದಿನ ದಿನ ಸಂಜೆ, ಹತ್ತನೆಯ ಸಲವೋ ಹನ್ನೊಂದನೆಯ ಸಲವೋ, ಟ್ಯೂಬನ್ನು ಹೊರಗೆ ತೆಗೆದು ವಾಲ್ವನ್ನು ರಿಮ್ಮಿಗೆ ಹಿಡಿದು ಅಳೆದಿದ್ದೆ. ಅಷ್ಟರಲ್ಲಿ ಗಿರಾಕಿ ಕರೆದ. ಟ್ಯೂಬು ಜೇಬಿಗೆ ಹೋಯಿತು. ತಿರುಗಿ ಬಂದಾಗ ಚೀಲದಲ್ಲಿ ಜಾಗ ಖಾಲಿ ಕಂಡಿತು, ಮೇಜಿನ ಮೇಲೆ ಹಳೆಯ ಚಕ್ರದ ಗಿಡ್ಡ ವಾಲ್ವಿನ ಟ್ಯೂಬು ಬಿದ್ದಿತ್ತು. ಕೈ ಅದನ್ನೇ ಚೀಲಕ್ಕೆ ತುರುಕಿ ತನ್ನ ಕೆಲಸ ತಾನು ಮುಗಿಸಿತು. ಒಂದು ಸಲ ನೋಡುವವನು ತಪ್ಪು ಮಾಡುತ್ತಿರಲಿಲ್ಲ. ಹತ್ತು ಸಲ ನೋಡುವ ಅತಿಬುದ್ಧಿವಂತನಿಗೇ ಇಂಥದ್ದು ಬರುವುದು.

ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದ ಅಧಿಕಾರಿಯ ಹತ್ತಿರ ಓಡಿದೆ.

"ಸಾರ್, ಇದನ್ನ ನಮ್ಮಕ್ಕನಿಗೆ ತಲುಪಿಸಬೇಕು."

"ಹೊರಗಿನವರು ಏನೇ ಕೊಟ್ರೂ ತಗೊಂಡವರು ಔಟ್. ಸ್ಪರ್ಧೆಯಲ್ಲಿರೋರು ಒಬ್ಬರಿಗೊಬ್ಬರು ಕೊಟ್ಕೊಬಹುದು, ಅಷ್ಟೇ."

"ಪಂಕ್ಚರ್ ಆದ್ರೆ ಏನ್ ಮಾಡ್ತಾಳೆ ಸಾರ್?"

"ಆಗದೇ ಇರ್ಲಿ ಅಂತ ಕೇಳ್ಕೊಳ್ಳಿ."

ಸ್ಕೂಟರ್ ಸ್ಟಾರ್ಟ್ ಮಾಡಿದೆ. ರಸ್ತೆ ಪಕ್ಕದ ಕಲ್ಲಿನ ಮೇಲಿಟ್ಟು ಬಂದರೆ ಯಾರಿಗೆ ಗೊತ್ತಾಗುತ್ತದೆ? ಗೇಟಿನವರೆಗೂ ಹೋದೆ. ಹೋದ ವರ್ಷವೂ ಹೀಗೆಯೇ, ಅವಳಿಗೆ ಹೇಳದೆ, ಅವಳ ಒಳ್ಳೆಯದಕ್ಕೆಂದು ಚೀಲಕ್ಕೆ ಕೈ ಹಾಕಿದ್ದೆ. ಸ್ಕೂಟರ್ ಆಫ್ ಮಾಡಿದೆ. ಜೀವನದಲ್ಲಿ ನಾನು ಸುಮ್ಮನೆ ಕೂತದ್ದು ಅಪರೂಪ. ಅವತ್ತಿನಷ್ಟು ಕಷ್ಟದ ಕೆಲಸ ಮತ್ತೊಂದಿಲ್ಲ.

ಒಂದು ಗಂಟೆಗೆ ಹತ್ತಾರು ಜನ ಬಂದರು. ಒಂದೂಕಾಲಿಗೆ ಇಬ್ಬರು. ಒಂದು ಇಪ್ಪತ್ತಕ್ಕೆ ಯಾರೂ ಇಲ್ಲ. ಅಧಿಕಾರಿ ಗಡಿಯಾರ ನೋಡಿದ. ನನಗೆ ಅಂಗಡಿಯ ಗೋಡೆಯ ಕೊಕ್ಕೆಯೇ ಕಣ್ಣ ಮುಂದೆ ಬಂತು.

ಒಂದು ಇಪ್ಪತ್ತಾರಕ್ಕೆ ತಿರುವಿನಲ್ಲಿ ಅವಳ ನೀಲಿ ಹೆಲ್ಮೆಟ್ಟು ಕಂಡಿತು. ಹಿಂದೆಯೇ ಇನ್ನೊಂದು ಸೈಕಲ್ಲಿನಲ್ಲಿ ಕೋಲಿನಂಥ ಒಬ್ಬ ಮನುಷ್ಯ. ಅವನ ಕೈಯಲ್ಲಿ ಹಳದಿ ಬಾಟಲಿ, ಅದರ ಮೇಲೆ ಮೂರು ಕೆಂಪು ಚುಕ್ಕೆ. ನನಗೆ ತಲೆಬುಡ ತಿಳಿಯಲಿಲ್ಲ.

ಅಕ್ಕನ ಕೈಯೆಲ್ಲ ಮಸಿ. ಸೈಕಲ್ಲನ್ನು ಕಂಬಿಗೆ ಸಿಕ್ಕಿಸಿ ಬೂಟು ಬದಲಿಸುವಾಗ ನಾನು ಬೇಲಿಯಾಚೆಯಿಂದ ಕೂಗಿದೆ: "ಅಕ್ಕಾ, ಟ್ಯೂಬು..."

ಅವಳು ತಲೆ ಎತ್ತಿದಳು. "ಲೋ ಕತ್ತೆ! ಆಮೇಲೆ ಬೈತೀನಿ. ಎಲ್ಲೂ ಹೋಗ್ಬೇಡ!"

ನನ್ನ ಕಣ್ಣು ತುಂಬಿಕೊಂಡಿತು. ಒಂದು ವರ್ಷದಿಂದ ಕಾದಿದ್ದ ಬೈಗುಳ ಅದು.

ಓಟವನ್ನು ಅವಳು ಕುಂಟಿಕೊಂಡೇ ಮುಗಿಸಿದಳು, ಆದರೆ ಮುಗಿಸಿದಳು. ಕೊರಳಲ್ಲಿ ಪದಕ, ಕಾಲು ಬಕೆಟ್ಟಿನ ನೀರಿನಲ್ಲಿ. ಫುಟ್‌ಪಾತಿನಲ್ಲಿ ಕೂತು ಎಲ್ಲ ಹೇಳಿದಳು. ಅರವತ್ತೆರಡನೆಯ ಕಿಲೋಮೀಟರಿಗೆ ಪಂಕ್ಚರ್. ಟ್ಯೂಬು ತೆಗೆದು ಹಾಕಿದರೆ ವಾಲ್ವು ಒಳಗೇ ಅಡಗಿ ಕೂತಿತ್ತು. ಸೈಕಲ್ ತಳ್ಳಿಕೊಂಡು ಹೊರಟಳು. ಒಂದು ಕಿಲೋಮೀಟರ್ ದಾಟಿದ ಮೇಲೆ ಸೇತುವೆಯ ಪಕ್ಕ ಆ ಕೋಲಿನಂಥ ಮನುಷ್ಯ ಕೂತಿದ್ದ. ಹಲ್ಲಿನ ಡಾಕ್ಟರಂತೆ. ಅವನ ಎರಡು ಬಾಟಲಿಗಳೂ ಸೀಟಿನ ಹಿಂದಿನಿಂದ ಹಾರಿ ಹಳ್ಳಕ್ಕೆ ಬಿದ್ದಿದ್ದವು. ಬಿಸಿಲಿಗೆ ಕಾಲು ಸೆಟೆದುಕೊಂಡಿತ್ತು.

"ನೀರು ಕೊಟ್ಟೆ. ಅವರು ಕುಡಿದು ನನ್ನ ಚಕ್ರ ನೋಡಿದ್ರು. ತಮ್ಮ ಹತ್ರ ಇದ್ದ ಒಂದೇ ಒಂದು ಉದ್ದ ವಾಲ್ವಿನ ಟ್ಯೂಬನ್ನ ತೆಗೆದು ಕೈಗಿಟ್ರು. 'ನಿಮಗೆ ಬೇಕಾದ್ರೆ?' ಅಂದೆ. 'ನಂದು ಹೆಂಗೋ ಹೋಗುತ್ತೆ' ಅಂದ್ರು."

"ಆ ಮೂರನೇ ಬಾಟ್ಲಿ ಇಲ್ದೇ ಇದ್ದಿದ್ರೆ..." ಎಂದೆ.

"ಬಾಟ್ಲಿ ಮಾತು ಈಗ ಬೇಡ, ನಿನ್ನ ವಿಷ್ಯಕ್ಕೆ ಬರೋಣ," ಎಂದು ಶುರು ಮಾಡಿದಳು. ನನ್ನ ಅಂಗಡಿ, ನನ್ನ ತಕ್ಕಡಿ, ಎರಡನೆಯ ಕ್ಲಾಸಿನಲ್ಲಿ ಅವಳ ಕಂಪಾಸ್ ಬಾಕ್ಸ್ ಬಿಚ್ಚಿ ರಿಪೇರಿ ಮಾಡಿದ್ದು, ಯಾವುದನ್ನೂ ಬಿಡಲಿಲ್ಲ. ಅಕ್ಕಪಕ್ಕದವರು ತಿರುಗಿ ನೋಡಿದರು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ.

"ನಗ್ತೀಯಾ? ಮುಂದಿನ ವರ್ಷ ಚೀಲ ನಾನೇ ತುಂಬೋದು. ಮುಟ್ಟಿದ್ರೆ ಕೈ ಮುರೀತೀನಿ!"

ಮುಂದಿನ ವರ್ಷ ಎಂದಳು.

ಗೋಡೆಯ ಕೊಕ್ಕೆಗೆ ಈಗ ನನ್ನ ಜಾಕೆಟ್ಟು ನೇತಾಡುತ್ತಿದೆ. ಟ್ಯೂಬು ಇನ್ನೂ ಅದರ ಜೇಬಿನಲ್ಲೇ ಇದೆ.